ಸಾಕಮ್ಮ: ಒಂದು ಹೆಸರಿನ ವ್ಯಾಜ್ಯ



'ಮನೆತನದ ಚರಿತ್ರೆಯಲ್ಲಿ ಹೆಣ್ಣುಮಕ್ಕಳ ಹೆಸರು' ಎಂದು ಆಹ್ವಾನ ಪತ್ರಿಕೆಯಲ್ಲಿ ಅಚ್ಚಾಗಿದೆ. ಈ ಸಂಜೆ ನಾನು ಒಂದೇ ಹೆಸರು ಹಿಡಿದು ಕೂರುತ್ತೇನೆ: ಸಾಕಮ್ಮ. ಇಲ್ಲಿರುವ ಹಿರಿಯರ ಪೈಕಿ ಬಹಳ ಜನರ ಬಳಗದಲ್ಲಿ ಒಬ್ಬ ಸಾಕಮ್ಮ ಇದ್ದಿರಬೇಕು. ಅಜ್ಜಿಯೋ, ಅಜ್ಜಿಯ ತಂಗಿಯೋ, ಸಂಜೆ ಹೊತ್ತು ಮಜ್ಜಿಗೆ ಕೊಡುತ್ತಿದ್ದ ಪಕ್ಕದ ಮನೆಯವರೋ. ಇವತ್ತು ತೊಟ್ಟಿಲಲ್ಲಿ ಮಲಗಿರುವ ಒಬ್ಬ ಸಾಕಮ್ಮನನ್ನು ನಾನು ಕಂಡಿಲ್ಲ. ನೀವು ಕಂಡಿದ್ದರೆ ದಯವಿಟ್ಟು ಹೇಳಿ.

ವ್ಯಾಜ್ಯ ಶುರುವಾದದ್ದು ಹೀಗೆ. ನಮ್ಮ ಮನೆಯ ವಂಶವೃಕ್ಷ ಬರೆದು ಗೋಡೆಗೆ ಹಾಕಿದ್ದೆ. ಸಮಾಜಶಾಸ್ತ್ರ ಪಾಠ ಹೇಳಿ ನಿವೃತ್ತರಾದ ಸ್ನೇಹಿತರೊಬ್ಬರು ಮನೆಗೆ ಬಂದವರು ನನ್ನ ಮುತ್ತಜ್ಜಿಯ ಹೆಸರಿನ ಮೇಲೆ ಬೆರಳಿಟ್ಟು, "ಸಾಕಮ್ಮ ಅಂದರೆ ಹೆಣ್ಣು ಸಾಕಪ್ಪಾ ಸಾಕು ಅಂತ. ಬೇಡದ ಮಗಳು ನೋಡಿ" ಎಂದರು. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಉದಾಹರಣೆ ಕೊಟ್ಟರು. ಅಲ್ಲಿ 'ನಕುಸಾ', ಅಂದರೆ ಬೇಡವಾದವಳು, ಎಂದು ಹೆಸರು ಹೊತ್ತ 285 ಹೆಣ್ಣುಮಕ್ಕಳಿಗೆ 2011ರ ಅಕ್ಟೋಬರಿನಲ್ಲಿ ಜಿಲ್ಲಾಡಳಿತವೇ ಸಮಾರಂಭ ಮಾಡಿ ಹೊಸ ಹೆಸರು ಕೊಟ್ಟಿತು. ಆ ಮಕ್ಕಳ ವಿಷಯ ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಆದರೆ ನನ್ನ ಮುತ್ತಜ್ಜಿಯನ್ನು ಅವರ ಸಾಲಿನಲ್ಲಿ ನಿಲ್ಲಿಸಲು ಮನಸ್ಸು ಒಪ್ಪಲಿಲ್ಲ. ಅಂದಿನಿಂದ ಇದರ ಬೆನ್ನು ಹತ್ತಿದ್ದೇನೆ.

ಮೊದಲು ಮಾತಿನ ಕಡೆ ನೋಡಿ. ಕನ್ನಡದಲ್ಲಿ 'ಸಾಕು' ಎರಡಿವೆ. 1894ರಲ್ಲಿ ಬಂದ ಕಿಟೆಲ್ ನಿಘಂಟಿನಲ್ಲೂ ಎರಡೂ ಸಿಗುತ್ತವೆ. ಒಂದು 'ಸಾಲ್' ಎಂಬ ಧಾತುವಿನ ಸಾಕು. 'ಸಾಲದು' ಎನ್ನುವುದರ ಅಕ್ಕ. ಇನ್ನೊಂದು ಸಾಕಿ ಸಲಹುವ ಸಾಕು. ಸಾಕುಮಗಳು, ಸಾಕುತಾಯಿ ಅನ್ನುತ್ತೇವಲ್ಲ, ಅದು. ಸಾಕಮ್ಮನಲ್ಲಿರುವುದು ಈ ಎರಡನೆಯದು ಎಂದು ನನ್ನ ವಾದ. ಗಂಡಸರಲ್ಲಿ ಸಾಕಯ್ಯ, ಸಾಕಣ್ಣ ಇದ್ದರು. ಗಂಡುಮಕ್ಕಳನ್ನು ಸಾಕು ಎಂದು ಯಾವ ಮನೆ ಹೇಳಿತ್ತು? ಹುಟ್ಟಿದ ಕೂಸುಗಳು ಒಂದೊಂದೇ ಕೈಬಿಟ್ಟು ಹೋಗುತ್ತಿದ್ದ ಕಾಲ ಅದು. ಆಮೇಲೆ ಬಂದ ಮಗುವನ್ನು ತಿಪ್ಪೆಯ ಮೇಲೆ ಇಟ್ಟು ಎತ್ತಿಕೊಳ್ಳುತ್ತಿದ್ದರು. ನೆರೆಯವರ ಮಡಿಲಿಗೆ ಹಾಕಿ, ಹಿಡಿ ತೌಡು ಕೊಟ್ಟು, ಕೊಂಡುಕೊಂಡೆವು ಎನ್ನುತ್ತಿದ್ದರು. ಇದು ನಮ್ಮದಲ್ಲ, ಸಾಕಲು ತಂದದ್ದು ಎಂದು ಸಾವಿಗೆ ಹೇಳುವ ಸುಳ್ಳು. ಆ ಸುಳ್ಳಿನಲ್ಲಿ ಎಷ್ಟು ಪ್ರೀತಿ ಇತ್ತು ಎಂಬುದನ್ನು ಮಗು ಕಳೆದುಕೊಂಡ ಮನೆಯವರು ಬಲ್ಲರು. ನಮ್ಮ ಬಳಗದ ಇನ್ನೊಬ್ಬ ಸಾಕಮ್ಮ ಹಾಗೆ ಎರಡು ಗಂಡು ಹೋದ ಮೇಲೆ ಹುಟ್ಟಿದವರು. ಅವರನ್ನು ಬೇಡದ ಮಗಳು ಎನ್ನುವುದಾದರೂ ಹೇಗೆ?

ನನ್ನ ಶಾಸನದ ಮೇಷ್ಟ್ರು ಇದ್ದಿದ್ದರೆ ಇಲ್ಲಿ ತಡೆಯುತ್ತಿದ್ದರು. ತೆಳ್ಳನೆಯ ಮನುಷ್ಯ, ಬೇಸಿಗೆಯಲ್ಲೂ ಕೋಟು. ಕಲ್ಲಿನ ಅಚ್ಚು ತೆಗೆಯುವಾಗ ಕಾಗದದ ಮೇಲೆ ಬ್ರಷ್ಷಿನಿಂದ ತಟ್ಟುವುದನ್ನು ಮಗುವಿನ ಬೆನ್ನು ತಟ್ಟಿದಂತೆ ಮಾಡುತ್ತಿದ್ದರು. "ಹೆಸರಿನ ಅರ್ಥ ಬೇರೆ, ಹೆಸರಿಟ್ಟ ಕಾರಣ ಬೇರೆ, ಮೊದಲು ಎರಡನೆಯದನ್ನು ಹುಡುಕು" ಎಂಬುದು ಅವರ ಪಾಠ. ರನ್ನನ ಮಗಳ ಹೆಸರು ಅತ್ತಿಮಬ್ಬೆ, ಮಗನ ಹೆಸರು ರಾಯ. ಒಂದು ಲಕ್ಕುಂಡಿಯ ದಾನಚಿಂತಾಮಣಿಯದು, ಇನ್ನೊಂದು ಚಾವುಂಡರಾಯನದು. ಇಬ್ಬರೂ ಕವಿಯನ್ನು ಪೊರೆದವರು. ಅತ್ತಿ ಎಂಬ ಪದ ಬಿಡಿಸುತ್ತ ಕೂತವನಿಗೆ ಆ ಮಗುವಿನ ಹೆಸರಿನಲ್ಲಿರುವ ಋಣ ಕಾಣುತ್ತದೆಯೇ? ಚಿತ್ರದುರ್ಗದ ಸೀಮೆಗೆ ಹೋಗಿ, ಅಲ್ಲಿ ತಿಪ್ಪಮ್ಮ, ತಿಪ್ಪೇಸ್ವಾಮಿ ಎಂದರೆ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗೆ ನಡೆದುಕೊಳ್ಳುವ ಮನೆ ಎಂದು ಊಹಿಸುತ್ತಾರೆ. ತಿಪ್ಪೆಯ ನೆನಪು ಯಾರಿಗೂ ಬರುವುದಿಲ್ಲ. ಸಾಕಮ್ಮಂದಿರಲ್ಲೂ ಬಹುಪಾಲು ಜನ ಅಜ್ಜಿ ಸಾಕಮ್ಮನ ಹೆಸರು ಪಡೆದ ಮೊಮ್ಮಕ್ಕಳು. ಅಂಥವರ ಹೆಸರಿನ ಅರ್ಥ 'ನಮ್ಮಜ್ಜಿ', ಅಷ್ಟೇ.

ನನ್ನ ಸೋದರತ್ತೆ ಅಂಥವರು. ನಾನು ಕಂಡುಕೊಂಡದ್ದು ಎಂದು ಏನಾದರೂ ಇದ್ದರೆ ಅದು ಸಿಕ್ಕಿದ್ದು ಅವರಿಂದಲೇ. ತೊಟ್ಟಿಲಲ್ಲಿ ಕಿವಿಗೆ ಹೇಳಿದ ಹೆಸರು ಸಾಕಮ್ಮ. ಆದರೆ ಸೊಸೆಯಾದ ನನ್ನಜ್ಜಿ ಅತ್ತೆಯ ಹೆಸರನ್ನು ಬಾಯಲ್ಲಿ ಆಡುವಂತಿರಲಿಲ್ಲ. ಹಾಗಾಗಿ ಮಗಳು ಪುಟ್ಟಿಯಾದಳು. ಶಾಲೆಗೆ ಸೇರಿಸುವ ದಿನ ಹೆಡ್‌ಮೇಷ್ಟ್ರು, "ಅದೆಂಥ ಹೆಸರು, ಸರಸ್ವತಿ ಅಂತ ಬರೀತೀನಿ" ಎಂದು ಬರೆದರು. ಮದುವೆಯಾಗಿ ಹೋದ ಊರಿನ ಪಹಣಿಯಲ್ಲಿ 'ಪುಟ್ಟಮ್ಮ ಕೋಂ' ಎಂದು ಗಂಡನ ಹೆಸರಿನ ಬಾಲವಿದೆ. ಒಬ್ಬ ಹೆಣ್ಣುಮಗಳು, ಮೂರು ಹೆಸರು. ಬರಹಗಾರ್ತಿ ತ್ರಿವೇಣಿ ಹುಟ್ಟಿದಾಗ ಭಾಗೀರಥಿ, ಶಾಲೆಯಲ್ಲಿ ಅನಸೂಯಾ. ಆಮೇಲೆ ಓದುಗರ ತ್ರಿವೇಣಿ. ಅವರ ಮೂರನೆಯದು ಅವರೇ ಆರಿಸಿಕೊಂಡದ್ದು. ನನ್ನತ್ತೆಗೆ ಆ ಭಾಗ್ಯವಿರಲಿಲ್ಲ.

ಈಗ ಯೋಚಿಸಿ. ಶಾಲೆಯ ದಾಖಲಾತಿ ಪುಸ್ತಕ ಇಟ್ಟುಕೊಂಡು ಎಣಿಸಿದರೆ ಸಾಕಮ್ಮ, ನಂಜಮ್ಮ, ತಿಮ್ಮಕ್ಕ ಕಡಿಮೆಯಾದರು, ಸರಸ್ವತಿ, ಸರೋಜ, ಲಲಿತ ಹೆಚ್ಚಾದರು ಎನ್ನುತ್ತೇವೆ. ಜನರ ಅಭಿರುಚಿ ಬದಲಾಯಿತು ಎಂದು ಲೇಖನವನ್ನೂ ಬರೆಯುತ್ತೇವೆ. ಬದಲಾದದ್ದು ಮೇಷ್ಟ್ರ ಲೇಖನಿ! ತೊಟ್ಟಿಲಿನಲ್ಲಿ ಸಾಕಮ್ಮ ಇನ್ನೂ ಒಂದು ತಲೆಮಾರು ಬದುಕಿದ್ದಳು. ಪಹಣಿ ನಂಬಿದರೆ ಊರೆಲ್ಲ ಪುಟ್ಟಮ್ಮ, ಪಾಪಮ್ಮ, ದೊಡ್ಡಮ್ಮ. ಆ ಹೆಸರುಗಳ ಹಿಂದೆ ಬಾಯಲ್ಲಿ ಆಡಬಾರದ ಎಷ್ಟು ಅಜ್ಜಿಯರ ಹೆಸರಿದೆಯೋ. ಮನೆತನಗಳ ವಂಶಾವಳಿ ಹೇಳುವ ಹೆಳವರನ್ನು ಕೇಳೋಣ ಎಂದು ಹೋದೆ. ಏಳು ತಲೆ ಗಂಡುಮಕ್ಕಳನ್ನು ತಡವರಿಸದೆ ಹೇಳಿದರು. ಹೆಣ್ಣುಮಕ್ಕಳು ಬಂದಾಗ 'ಇಂಥ ಊರಿಗೆ ಕೊಟ್ಟರು' ಎಂದು ಊರಿನ ಹೆಸರು ಹೇಳಿ ಮುಂದೆ ಹೋದರು. 1994ರಲ್ಲಿ ಕರ್ನಾಟಕದ ಕಾಯ್ದೆ ಆಗಿನ್ನೂ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ, 2005ರಲ್ಲಿ ಕೇಂದ್ರದ ಕಾಯ್ದೆ ಮದುವೆಯಾದವರಿಗೂ ಹುಟ್ಟಿನಿಂದ ಪಿತ್ರಾರ್ಜಿತದಲ್ಲಿ ಪಾಲು ಕೊಟ್ಟ ಮೇಲೆ, ಗ್ರಾಮಲೆಕ್ಕಿಗರ ಮುಂದೆ ಕೊಡುತ್ತಿದ್ದ ವಂಶವೃಕ್ಷದಲ್ಲಿ ಮಗಳನ್ನು ಬಿಟ್ಟರೆ ಜಮೀನಿಗೇ ತಕರಾರು ಬರುತ್ತಿತ್ತು. ನಮ್ಮತ್ತೆಯ ಹೆಸರು ನಮ್ಮ ಮನೆಯ ಕಾಗದಕ್ಕೆ ಮೊದಲ ಸಲ ಬಂದದ್ದು ಆ ದಾರಿಯಲ್ಲಿ. ಬಂದದ್ದು ಸರಸ್ವತಿ ಎಂದು.

ಸಾಕಮ್ಮ ಎಂಬ ಹೆಸರನ್ನು ಮುಚ್ಚಿಡಬೇಕಾದ ಅಗತ್ಯವಾದರೂ ಏನಿತ್ತು ಎಂದು ಬೇಸರವಾಗುತ್ತದೆ. ಬಸವನಗುಡಿಯ ಕಾಫಿಪುಡಿ ಸಾಕಮ್ಮನವರನ್ನು ನೆನೆಯಿರಿ. 1880ರಲ್ಲಿ ತುಮಕೂರು ಸೀಮೆಯ ಬಿದರೆಯಲ್ಲಿ ಹುಟ್ಟಿ, ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಕಾಫಿ ವ್ಯಾಪಾರದಲ್ಲಿ ಗಟ್ಟಿಯಾಗಿ ನಿಂತವರು. ಕೈಸರ್-ಎ-ಹಿಂದ್ ಪದಕ ಬಂದಾಗಲೂ ಅದೇ ಹೆಸರು. ಬಸವನಗುಡಿಯಲ್ಲಿ ಸಾಕಮ್ಮ ಗಾರ್ಡನ್ ಈಗಲೂ ಇದೆ.

ಇಷ್ಟು ವಾದ ಮಾಡಿದವನು ಇನ್ನೊಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಹೋದ ವರ್ಷ ಮುತ್ತಜ್ಜಿಯ ತವರೂರಿಗೆ ಹೋಗಿದ್ದೆ. ಅಲ್ಲಿನ ಹಿರಿಯರೊಬ್ಬರು ಬೆರಳು ಮಡಿಸುತ್ತ ಹೇಳಿದರು: ಮೊದಲು ಹೆಣ್ಣು, ಎರಡನೆಯದೂ ಹೆಣ್ಣು, ಮೂರನೆಯದು ಸಾಕಮ್ಮ, ಆಮೇಲೆ ಗಂಡು. ನಡುವೆ ಸತ್ತ ಮಕ್ಕಳು ಉಂಟೇ ಎಂದು ಕೇಳಿದೆ. ಎರಡು ಸಲ ಕೇಳಿದೆ. "ಇಲ್ಲಪ್ಪ, ಎಲ್ಲ ಗಟ್ಟಿಯಾಗೇ ಇದ್ದವು" ಎಂದರು. ಬಸ್ಸಿನಲ್ಲಿ ವಾಪಸು ಬರುವಾಗ ಸ್ನೇಹಿತರ ಬೆರಳು ಕಣ್ಣ ಮುಂದೆ ಬರುತ್ತಿತ್ತು.

ಅದಾದ ಮೇಲೆ ಮನೆಯಲ್ಲಿ ಮೊಮ್ಮಗಳು ಹುಟ್ಟಿದಳು. ನಾಮಕರಣದ ಮಾತು ಬಂದಾಗ ಸೊಸೆ ಕೇಳಿದಳು: "ಮಾವ, ಸಾಕಮ್ಮ ಅಂದರೆ ಸಾಕಿ ಸಲಹಿದ ಮಗಳು ಅಂತ ನೀವೇ ಹೇಳ್ತೀರಲ್ಲ, ಅದನ್ನೇ ಇಡೋಣವಾ?" ಅವಳು ಮನಸ್ಸಿಟ್ಟೇ ಕೇಳಿದಳು. ನನ್ನ ಬಾಯಿಂದ ಹೂಂ ಎಂಬ ಮಾತು ಹೊರಡಲಿಲ್ಲ. ಮಗುವಿಗೆ ಬೇರೆ ಹೆಸರಾಯಿತು.

ನಾನೇಕೆ ಸುಮ್ಮನಾದೆ? ನನ್ನ ನಿಘಂಟಿನ ಮೇಲೆ ನನಗೇ ನಂಬಿಕೆ ಇರಲಿಲ್ಲವೇ? ಅಥವಾ ಇವತ್ತಿನ ಕಿವಿಗೆ ಒಂದೇ ಸಾಕು ಕೇಳಿಸುತ್ತದೆ, ಶಾಲೆಯಲ್ಲಿ ಮಕ್ಕಳು ಅದನ್ನೇ ಹಿಡಿದು ರೇಗಿಸುತ್ತಾರೆ ಎಂಬ ಭಯವೇ? ಹಾಗಾದರೆ ಅಂದು ಸರಸ್ವತಿ ಎಂದು ಬರೆದ ಹೆಡ್‌ಮೇಷ್ಟ್ರ ಮೇಲೆ ನಾನು ಇಷ್ಟು ವರ್ಷ ಇಟ್ಟುಕೊಂಡ ಸಿಟ್ಟು ಏನಾಗಬೇಕು? ವಂಶವೃಕ್ಷದಲ್ಲಿ ಅತ್ತೆಯ ಹೆಸರಿನ ಜಾಗವನ್ನು ಇನ್ನೂ ಪೆನ್ಸಿಲ್ಲಿನಲ್ಲೇ ಬರೆದಿಟ್ಟಿದ್ದೇನೆ. ಅಲ್ಲಿ ಯಾವ ಹೆಸರಿಗೆ ಶಾಯಿ ಹಾಕಲಿ, ನಿಮ್ಮಲ್ಲಿ ಯಾರಾದರೂ ಹೇಳಬಲ್ಲಿರಾ?