ಬಡಾವಣೆಯ ಬಾಯಾರಿಕೆ, ಮಲೆನಾಡಿನ ಹೊಳೆ



ಮಲೆನಾಡಿನಲ್ಲಿ ಮನೆ ಕಟ್ಟಹೊರಟವರು ಮೊದಲು ನೋಡುವುದು ನೀರನ್ನು. ಬಾವಿಗೆ ಜಾಗವೆಲ್ಲಿ, ಅಬ್ಬಿಯ ನೀರು ಬೇಸಿಗೆಯ ಕೊನೆಯವರೆಗೂ ನಿಲ್ಲುವುದೇ, ಮಳೆಗಾಲದ ನೀರು ಹರಿದುಹೋಗುವ ದಾರಿ ಯಾವುದು ಎಂಬ ಪ್ರಶ್ನೆಗಳಿಗೆ ಉತ್ತರ ದೊರೆತ ಬಳಿಕವೇ ಪಾಯ ತೆಗೆಯುತ್ತಾರೆ. ಬೆಂಗಳೂರಿನ ಅನೇಕ ಹೊಸ ಬಡಾವಣೆಗಳಲ್ಲಿ ಈ ಕ್ರಮ ತಲೆಕೆಳಗಾಗಿದೆ. ಅಲ್ಲಿ ಮೊದಲು ನಿವೇಶನ ಮಾರಾಟವಾಗುತ್ತದೆ, ಅನಂತರ ಮನೆ ಏಳುತ್ತದೆ, ಕಟ್ಟಕಡೆಗೆ ನೀರಿನ ಚಿಂತೆ ಬರುತ್ತದೆ. ಆ ಚಿಂತೆ ಈಗ ಘಟ್ಟದ ಹೊಳೆಗಳವರೆಗೂ ಬಂದು ಮುಟ್ಟಿರುವುದರಿಂದ, ನಗರದ ಬಡಾವಣೆಯ ವಿಚಾರ ಕಾಡಂಚಿನ ಹಳ್ಳಿಯ ವಿಚಾರವೂ ಆಗಿದೆ.

ಬೆಂಗಳೂರು ದೊಡ್ಡ ನದಿಯ ದಡದಲ್ಲಿ ಹುಟ್ಟಿದ ಊರಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ನಿಂತ ಊರು ಅದು. ಹಿಂದಿನವರು ಇದನ್ನರಿತು ತಗ್ಗುಗಳಲ್ಲಿ ಕೆರೆ ಕಟ್ಟಿದರು. ಮೇಲಿನ ಕೆರೆಯ ಕೋಡಿ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಯನ್ನು ಸೇರುತ್ತಿತ್ತು. ಈ ಕಾಲುವೆಗಳೇ ರಾಜಕಾಲುವೆಗಳು. ನಗರ ಬೆಳೆದಂತೆ ಕೆರೆಯ ಅಂಗಳ ಖಾಲಿ ಜಾಗದಂತೆ ಕಾಣತೊಡಗಿತು. ಧರ್ಮಾಂಬುಧಿ ಕೆರೆಯಿದ್ದಲ್ಲಿ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯಿದ್ದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಊರಿನಿಂದ ಬಸ್ಸು ಹತ್ತಿ ಮೆಜೆಸ್ಟಿಕ್‌ನಲ್ಲಿ ಇಳಿಯುವವರೆಲ್ಲರೂ ಕಾಲಿಡುವುದು ಹಳೆಯ ಕೆರೆಯ ಅಂಗಳದಲ್ಲಿ.

ಹತ್ತಿರದ ನೀರು ಸಾಲದಾದಾಗ ನಗರವು ದೂರದ ನೀರಿಗೆ ಕೈಚಾಚಿತು. ಮೊದಲು ಅರ್ಕಾವತಿಯ ಹೆಸರಘಟ್ಟ, 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ. ಕಾವೇರಿ ನೀರನ್ನು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪುಗಳ ಮೂಲಕ ಏರಿಸಬೇಕು. ನಗರದ ಪ್ರತಿ ಕೊಡದ ಹಿಂದೆಯೂ ವಿದ್ಯುತ್ತಿನ ವೆಚ್ಚವಿದೆ.

2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ಸುತ್ತಲಿನ 110 ಹಳ್ಳಿಗಳು ನಗರದೊಳಗೆ ಸೇರಿದವು. ರಾಗಿಯ ಹೊಲಗಳು ನಿವೇಶನಗಳಾದವು. ಆ ಹಳ್ಳಿಗಳಿಗಾಗಿಯೇ ರೂಪಿಸಿದ ಕಾವೇರಿ ಐದನೆಯ ಹಂತದ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ, ಅಂದರೆ 17 ವರ್ಷಗಳ ಬಳಿಕ. ಈ ನಡುವೆ ಅಲ್ಲಿ ನೆಲೆಸಿದವರಿಗೆ ಆಸರೆಯಾದದ್ದು ಕೊಳವೆಬಾವಿ ಮತ್ತು ಟ್ಯಾಂಕರ್. ಅದೇ 2024ರ ಬೇಸಿಗೆಯಲ್ಲಿ ನಗರದ ಸುಮಾರು 14,000 ಸರ್ಕಾರಿ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಬತ್ತಿದವು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡವೆಂಬ ಆದೇಶ ಹೊರಟಿತು.

ಅದಕ್ಕೂ ಎರಡು ವರ್ಷ ಮೊದಲು, 2022ರ ಸೆಪ್ಟೆಂಬರಿನಲ್ಲಿ, ನಗರದ ಪೂರ್ವಭಾಗದ ಹೊಸ ಬಡಾವಣೆಗಳು ಪ್ರವಾಹದಲ್ಲಿ ಮುಳುಗಿದ್ದವು. ಜನರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಸಾಗಿಸಬೇಕಾಯಿತು. ಬೇಸಿಗೆಯಲ್ಲಿ ಬರ, ಮಳೆಗಾಲದಲ್ಲಿ ನೆರೆ: ಇವೆರಡೂ ಒಂದೇ ತಪ್ಪಿನ ಎರಡು ಮುಖಗಳು. ನೀರು ನಿಲ್ಲುವ ಕೆರೆಯನ್ನೂ ಹರಿಯುವ ಕಾಲುವೆಯನ್ನೂ ಮುಚ್ಚಿ, ಇಂಗುವ ನೆಲಕ್ಕೆ ಕಾಂಕ್ರೀಟ್ ಹಾಕಿದ ಮೇಲೆ ನೀರಿಗೆ ಉಳಿಯುವ ದಾರಿ ರಸ್ತೆಯೊಂದೇ. ಉಳಿದ ಕೆರೆಗಳಿಗಾದರೋ ಕೊಳಚೆ ತುಂಬಿತು. 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹತ್ತಿದಾಗ ನಾಡೇ ಬೆರಗಾಯಿತು.

ಇದರ ಹೊರೆ ಕೊನೆಗೆ ಹೊರುವವರು ಯಾರು? ಕಾವೇರಿ ಹುಟ್ಟುವುದು ಕೊಡಗಿನಲ್ಲಿ. ಅದಕ್ಕೆ ನೀರೂಡುವ ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲೂಕಿನಲ್ಲಿ. ಕಾವೇರಿಯ ಪಾಲಿಗೆ ನ್ಯಾಯಾಲಯದ ಮಿತಿಯಿದೆ. 2018ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಬೆಂಗಳೂರಿಗೆಂದು ಹೆಚ್ಚುವರಿಯಾಗಿ ಕೊಟ್ಟದ್ದು 4.75 ಟಿಎಂಸಿ. ಆದ್ದರಿಂದ ಮರುವರ್ಷವೇ ನಗರದ ದೃಷ್ಟಿ ಶರಾವತಿಯ ಕಡೆಗೆ ಹೊರಳಿತು. ಲಿಂಗನಮಕ್ಕಿಯಿಂದ 300 ಕಿಲೋಮೀಟರಿಗೂ ಹೆಚ್ಚು ದೂರ ನೀರೊಯ್ಯುವ ಆಲೋಚನೆ ಹೊರಬಿದ್ದಾಗ, 2019ರ ಜುಲೈ 10ರಂದು ಶಿವಮೊಗ್ಗ ಜಿಲ್ಲೆ ಬಂದ್ ಆಚರಿಸಿತು. ನಾಡಿಗೆ ಬೆಳಕು ಬರಲೆಂದು 1960ರ ದಶಕದಲ್ಲಿ ಮನೆ, ಗದ್ದೆ, ತೋಟಗಳನ್ನು ಮುಳುಗಡೆಗೆ ಬಿಟ್ಟುಕೊಟ್ಟ ಕುಟುಂಬಗಳಲ್ಲಿ ಹಕ್ಕುಪತ್ರಕ್ಕಾಗಿ ಇಂದಿಗೂ ಅಲೆಯುತ್ತಿರುವವರಿದ್ದಾರೆ. ಅವರಿಂದ ಮತ್ತೊಂದು ತ್ಯಾಗ ಬೇಡುವ ಮೊದಲು ನಗರವು ತನ್ನ ಮನೆಯ ಲೆಕ್ಕವನ್ನು ನೋಡಿಕೊಳ್ಳಬೇಡವೇ?

ಆ ಲೆಕ್ಕ ಕಷ್ಟದ್ದೇನಲ್ಲ. ಬೆಂಗಳೂರಿನಲ್ಲಿ ವರ್ಷಕ್ಕೆ 900 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. 30-40 ಅಳತೆಯ ನಿವೇಶನವೊಂದರ ಮೇಲೆ ಬೀಳುವ ನೀರು ಸುಮಾರು 1 ಲಕ್ಷ ಲೀಟರ್. ನಾಲ್ಕು ಜನರ ಕುಟುಂಬಕ್ಕೆ ತಲೆಗೆ ದಿನಕ್ಕೆ 135 ಲೀಟರಿನಂತೆ ವರ್ಷಕ್ಕೆ ಬೇಕಾದದ್ದು ಸುಮಾರು 2 ಲಕ್ಷ ಲೀಟರ್. ಸೋರಿಕೆ ಕಳೆದರೂ ಮೂರನೆಯ ಒಂದು ಪಾಲಿಗಿಂತ ಹೆಚ್ಚು ನೀರು ಸೂರಿನಲ್ಲೇ ಇದೆ. ಮಳೆನೀರು ಸಂಗ್ರಹವನ್ನು ಕಡ್ಡಾಯಗೊಳಿಸಿದ ಕಾನೂನು 2009ರಿಂದಲೂ ಇದೆ. ಹತ್ತು ಅಂತಸ್ತಿನ ಕಟ್ಟಡದಲ್ಲಿ ಒಂದೇ ಸೂರನ್ನು ಹತ್ತಾರು ಮನೆಗಳು ಹಂಚಿಕೊಳ್ಳುವುದರಿಂದ ಅಲ್ಲಿ ಮಳೆನೀರು ಸಾಲದು, ನಿಜ. ಅಂಥಲ್ಲಿ ಬಳಸಿದ ನೀರನ್ನು ಶುದ್ಧೀಕರಿಸಿ ಮತ್ತೆ ಬಳಸಬೇಕು. 2018ರಿಂದ ನಗರದ ಸಂಸ್ಕರಿತ ನೀರು ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಅದರ ಗುಣಮಟ್ಟದ ಬಗ್ಗೆ ಎದ್ದ ಪ್ರಶ್ನೆಗಳು ಸಕಾರಣವಾದವು; ಆದರೆ ಬಳಸಿದ ನೀರೂ ನೀರೇ ಎಂಬುದು ಅದರಿಂದ ಸ್ಪಷ್ಟವಾಗಿದೆ.

ನಗರವನ್ನು ಬೈದು ಕೈತೊಳೆದುಕೊಳ್ಳುವುದು ಸುಲಭ, ಆದರೆ ನ್ಯಾಯವಲ್ಲ. ಆ ಬಡಾವಣೆಗಳಲ್ಲಿ ಬಾಡಿಗೆಗಿರುವವರಲ್ಲಿ, ಟ್ಯಾಂಕರಿಗೆ ಕಾಯುವವರಲ್ಲಿ ಮಲೆನಾಡಿನ ಮಕ್ಕಳೂ ಇದ್ದಾರೆ. ಅಡಿಕೆಗೆ ರೋಗ ಬಂದು, ತೋಟದ ಆದಾಯ ಕುಸಿದು, ಓದಿದವರಿಗೆ ಊರಿನಲ್ಲಿ ಕೆಲಸವಿಲ್ಲದೆ ಅವರು ಹೊರಟುಹೋದವರು. ಹೊಳೆಯನ್ನು ಉಳಿಸುವ ಮಾತಿನ ಜೊತೆಗೆ ಊರಿನಲ್ಲಿ ಬದುಕನ್ನು ಉಳಿಸುವ ಮಾತೂ ನಡೆಯದಿದ್ದರೆ ಬಡಾವಣೆಗಳ ಬೆಳವಣಿಗೆ ನಿಲ್ಲದು.

ಇನ್ನು, ಅದೇ ಬಡಾವಣೆ ಮಲೆನಾಡಿನ ಪೇಟೆಗಳ ಅಂಚಿಗೂ ಬಂದಿದೆ. ಗದ್ದೆಗೆ ಮಣ್ಣು ತುಂಬಿ ನಿವೇಶನ ಮಾಡುವುದು, ಗುಡ್ಡ ಸೀಳಿ ರೆಸಾರ್ಟಿಗೆ ರಸ್ತೆ ಎಳೆಯುವುದು ಇಲ್ಲಿಯೂ ನಡೆದಿದೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದನ್ನು ಮರೆಯುವಂತಿಲ್ಲ.

ಆದುದರಿಂದ ಮಾಡಬೇಕಾದ ಕೆಲಸ ಎರಡು. ಊರಿನವರು, ಭೂಪರಿವರ್ತನೆಯ ವಿಷಯ ಬಂದಾಗಲೆಲ್ಲ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಬೇಕು: ಇಲ್ಲಿಗೆ ನೀರು ಎಲ್ಲಿಂದ? ಇಲ್ಲಿಯ ಕೊಳಚೆ ಎಲ್ಲಿಗೆ? ಮಳೆನೀರಿನ ದಾರಿ ಯಾವುದು? ಓದಿಗೋ ಉದ್ಯೋಗಕ್ಕೋ ನಗರಕ್ಕೆ ಹೋಗುವ ವಿದ್ಯಾರ್ಥಿಗಳು, ತಾವು ನೆಲೆಸುವ ಬೀದಿಯಲ್ಲಿಯೂ ಇದೇ ಮೂರು ಪ್ರಶ್ನೆಗಳನ್ನು ಕೇಳಬೇಕು. ಹತ್ತಿರದ ಕೆರೆಯ ಹೆಸರನ್ನು ತಿಳಿದುಕೊಳ್ಳಬೇಕು. ನೀರು ನೋಡಿ ಮನೆ ಕಟ್ಟುವ ಹಿರಿಯರ ಬುದ್ಧಿ ಅವರೊಡನೆ ನಗರಕ್ಕೂ ಹೋಗಲಿ. ಹೊಳೆ ಮಾತ್ರ ತನ್ನ ಪಾತ್ರದಲ್ಲಿಯೇ ಹರಿಯಲಿ.