ಅಂಕಿಯನ್ನು ನಂಬುವ ಮುನ್ನ



2000ನೇ ಇಸವಿಯ ಮೇ 1ರ ನಡುರಾತ್ರಿ ಅಮೆರಿಕವು ಜಿಪಿಎಸ್ ಸಂಕೇತಗಳಲ್ಲಿ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ನಿಲ್ಲಿಸಿತು. ಮೇ 3ರಂದು ಡೇವ್ ಅಲ್ಮರ್ ಎಂಬವರು ಆರೆಗಾನ್ ರಾಜ್ಯದಲ್ಲಿ ಒಂದು ಡಬ್ಬಿಯನ್ನು ಅಡಗಿಸಿ, ಅದರ ಅಕ್ಷಾಂಶ ರೇಖಾಂಶಗಳನ್ನು ಇಂಟರ್‌ನೆಟ್‌ನಲ್ಲಿ ತಿಳಿಸಿದರು. ಇದೇ ಜಿಯೋಕ್ಯಾಚಿಂಗ್ ಆಟದ ಆರಂಭ.

ಈ ಆಟದ ಮಾಹಿತಿಯನ್ನು ಮೊಬೈಲಿನಲ್ಲಿ ಜೋಡಿಸಿಡುವ ಆ್ಯಪ್ ಒಂದನ್ನು ನೀವು ತಯಾರಿಸಿದ್ದೀರಿ ಎಂದಿಟ್ಟುಕೊಳ್ಳಿ. ಅದನ್ನು ಪರೀಕ್ಷಿಸುವುದು ಹೇಗೆ?

ಕೆಂಗೇರಿಯ ಅಕ್ಷಾಂಶ ಸುಮಾರು 12 ಡಿಗ್ರಿ 54.5 ನಿಮಿಷ. ಆಟಗಾರರು ಹೀಗೆ ಬರೆಯುತ್ತಾರೆ. ಆದರೆ ಜಿಪಿಎಕ್ಸ್ ಫೈಲಿನಲ್ಲಿ ದಶಮಾಂಶ ಡಿಗ್ರಿ ಇರಬೇಕು. 60 ನಿಮಿಷಕ್ಕೆ ಒಂದು ಡಿಗ್ರಿ. ಆದ್ದರಿಂದ 54.5ನ್ನು 60ರಿಂದ ಭಾಗಿಸಿ 12ಕ್ಕೆ ಕೂಡಿದರೆ ಉತ್ತರ 12.9083. ಭಾಗಿಸದೆ 12.545 ಎಂದು ಬರೆದರೆ ಏನಾಗುತ್ತದೆ? ಒಂದು ಡಿಗ್ರಿ ಅಕ್ಷಾಂಶವೆಂದರೆ ಸುಮಾರು 111 ಕಿ.ಮೀ. ಹಾಗಾಗಿ ಗುರುತು 40 ಕಿ.ಮೀ. ದಕ್ಷಿಣಕ್ಕೆ, ಕನಕಪುರದ ಕಡೆಗೆ ಸರಿದುಬಿಡುತ್ತದೆ. ಪರದೆಯ ಮೇಲೆ ಮಾತ್ರ ಎಲ್ಲವೂ ಸರಿಯಾಗಿಯೇ ಕಾಣುತ್ತದೆ!

ಆದುದರಿಂದ ನಿಮಗೆ ಗೊತ್ತಿರುವ ಜಾಗವನ್ನೇ ಆರಿಸಿ. ಲೆಕ್ಕವನ್ನು ಕೈಯಿಂದ ಮಾಡಿ. ಆಮೇಲೆ ನಡೆದು ಹೋಗಿ ನೋಡಿ. ರಾಜಾಜಿನಗರದ ಎತ್ತರದ ಕಟ್ಟಡಗಳ ನಡುವೆ ಸಂಕೇತ ಗೋಡೆಗೆ ಬಡಿದು ಬರುವುದರಿಂದ, ಬಯಲಿನಲ್ಲೂ ಒಮ್ಮೆ ಅಳೆಯಿರಿ. ನೆಟ್‌ವರ್ಕ್ ಇಲ್ಲದಾಗ ಮಾಹಿತಿ ಉಳಿಯುತ್ತದೆಯೇ ನೋಡಿ. ತಪ್ಪು ಕಂಡರೆ ಮುಚ್ಚಿಡದೆ ಬರೆದಿಡಿ.

ಮಿತ್ರರೇ, ಇಂದು ತಪ್ಪಿದರೆ ಒಂದು ಡಬ್ಬಿ ಸಿಗುವುದಿಲ್ಲ, ಅಷ್ಟೇ. ನಾಳೆ ನಿಮ್ಮ ಇದೇ ಲೆಕ್ಕವನ್ನು ನಂಬಿ ಆಂಬುಲೆನ್ಸ್ ಒಂದು ಹೊರಡಬಹುದು. ತಪ್ಪು ಹುಡುಕುವವನು ಕೆಲಸ ಕೆಡಿಸುವವನಲ್ಲ, ಉಳಿಸುವವನು.