ನಿಲ್ಲಬಲ್ಲ ಮಗ್ಗ

ಬಿಡದಿಗೂ ಜಪಾನಿನ ನಗೋಯಾ ಸೀಮೆಗೂ 1997ರಿಂದ ನಂಟು. ನಗೋಯಾ ಸೀಮೆ ಟೊಯೊಟಾ ಕಂಪನಿಯ ತವರು, ಬಿಡದಿಯಲ್ಲಿ ಅದರ ಕಾರ್ಖಾನೆ. ಇಲ್ಲಿಂದ ಕೆಲಸದ ಮೇಲೆ ಹೋದ ಇಂಜಿನಿಯರ್‌ಗೆ ಅಲ್ಲಿ ಬೆಳಗಿನಿಂದಲೇ ಮೀಟಿಂಗು. ಎರಡೂ ಕೈಯಲ್ಲಿ ವಿಸಿಟಿಂಗ್ ಕಾರ್ಡ್ ಕೊಟ್ಟು, ಅವರ ಕಾರ್ಡನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಜೇಬಿಗಿಳಿಸದೆ ಮೇಜಿನ ಮೇಲೆ ಎದುರಿಗಿಟ್ಟುಕೊಂಡ ಮೇಲೆಯೇ ಮಾತು. ಆ ಮಾತು ಎಲ್ಲೆಲ್ಲಿ ತಿರುಗಿದರೂ ಒಂದೇ ಕಡೆ ಬಂದು ನಿಲ್ಲುತ್ತದೆ: ತಪ್ಪು ಕಂಡರೆ ಕೆಲಸ ನಿಲ್ಲಲಿ. ಲೈನಿನಲ್ಲಿ ನಿಂತ ಯಾವ ಕೆಲಸಗಾರನೂ ಹಗ್ಗ ಎಳೆದು ನೆರವು ಕರೆಯಬಹುದು.

ಈ ಮಾತಿನ ಬೇರು ಕಾಣಬೇಕಾದರೆ ಮಧ್ಯಾಹ್ನ ಟೊಯೊಟಾದ ಕೈಗಾರಿಕಾ ಮ್ಯೂಸಿಯಮ್ಮಿಗೆ ಹೋಗಬೇಕು. ಟೊಯೊಟಾ ಸಮೂಹದ ಮೂಲಪುರುಷ ಸಕಿಚಿ ಟೊಯೊಡಾ 1911ರಲ್ಲಿ ನೇಯ್ಗೆಯ ಪ್ರಯೋಗಕ್ಕೆಂದು ಕಾರ್ಖಾನೆ ಹೂಡಿದ ಜಾಗ ಅದು. ಕೆಂಪು ಇಟ್ಟಿಗೆಯ ಗೋಡೆಗಳು ಈಗಲೂ ಇವೆ. 1924ರ ಅವರ ಸ್ವಯಂಚಾಲಿತ ಮಗ್ಗವನ್ನು ಅಲ್ಲಿಯ ಸಿಬ್ಬಂದಿ ಓಡಿಸಿಯೇ ತೋರಿಸುತ್ತಾರೆ. ಹಾಸಿನ ಒಂದೊಂದು ಎಳೆಗೂ ಒಂದೊಂದು ತೆಳು ಲೋಹದ ಪಟ್ಟಿ ತೂಗುಬಿದ್ದಿರುತ್ತದೆ. ಎಳೆ ಬಿಗಿಯಾಗಿರುವಷ್ಟು ಹೊತ್ತು ಪಟ್ಟಿ ಮೇಲೆ, ಹರಿದರೆ ಕೆಳಗೆ. ಅದು ಬಿದ್ದೊಡನೆ ಲಾಳಿಯ ಸದ್ದು ಅಡಗಿ ಮಗ್ಗ ಗಕ್ಕನೆ ನಿಲ್ಲುತ್ತದೆ. ಹೀಗಾಗಿ ಒಬ್ಬೊಬ್ಬರು ಹಲವು ಮಗ್ಗಗಳನ್ನು ನೋಡಿಕೊಳ್ಳುವಂತಾಯಿತು. ಕೆಟ್ಟ ಬಟ್ಟೆ ಗಜಗಟ್ಟಲೆ ನೇಯ್ದು ಹಾಳಾಗುವುದೂ ತಪ್ಪಿತು. ಬೆಳಿಗ್ಗೆ ಕೇಳಿದ ಪಾಠವೆಲ್ಲ ಬೆರಳಗಲದ ಆ ಪಟ್ಟಿಯಲ್ಲಿದೆ. 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿಯೇ ಈ ಮಗ್ಗದ ಪೇಟೆಂಟ್ ಹಕ್ಕು ಕೊಂಡಿತು.

ಹೊತ್ತು ಉಳಿದರೆ ನಗೋಯಾ ಕೋಟೆ.

1945ರ ಮೇ 14ರ ಬಾಂಬ್ ದಾಳಿಯಲ್ಲಿ ಕೋಟೆಯ ಗೋಪುರವೂ ಹೊನ್‌ಮಾರು ಅರಮನೆಯೂ ಸುಟ್ಟುಹೋದವು. ಆದರೆ ಅರಮನೆಯ ಜಾರುಬಾಗಿಲುಗಳ ಚಿತ್ರಗಳಲ್ಲಿ ಬಹುಪಾಲನ್ನು ಮೊದಲೇ ಕಳಚಿ ಬೇರೆಡೆ ಇಟ್ಟಿದ್ದರು. ಯುದ್ಧಕ್ಕೆ ಮುಂಚೆಯೇ ಕಟ್ಟಡವನ್ನು ಅಳೆದು ನಕ್ಷೆ ಬರೆದು ಫೋಟೋ ತೆಗೆದಿದ್ದರು. ಆ ದಾಖಲೆ ಹಿಡಿದೇ ಮರದಲ್ಲಿ ಅರಮನೆಯನ್ನು ಮತ್ತೆ ಕಟ್ಟಿ 2018ರಲ್ಲಿ ಮುಗಿಸಿದರು. ಚಿನ್ನದ ಹಿನ್ನೆಲೆಯ ಹುಲಿಗಳ ಮುಂದೆ ನಿಂತವರಿಗೆ, ಅಳತೆ ಬರೆದಿಟ್ಟ ಆ ಕೈಗಳನ್ನು ನೆನೆಯದೆ ಇರಲಾಗದು.

ಗೋಪುರದ ಒಳಗೆ ಮಾತ್ರ ಪ್ರವೇಶವಿಲ್ಲ. 1959ರಲ್ಲಿ ಕಾಂಕ್ರೀಟಿನಲ್ಲಿ ಕಟ್ಟಿದ ಅದು ಭೂಕಂಪಕ್ಕೆ ತಡೆಯದೆಂದು 2018ರಲ್ಲಿ ಮುಚ್ಚಿದರು. ಮೂಲದಂತೆ ಮರದಲ್ಲೇ ಕಟ್ಟಬೇಕೆಂಬುದು ನಗರಾಡಳಿತದ ಆಸೆ. ಗಾಲಿಕುರ್ಚಿಯವರು ಮೇಲೆ ಹೋಗುವುದು ಹೇಗೆ, ಲಿಫ್ಟ್ ಬೇಡವೇ ಎಂದು ಅಂಗವಿಕಲರ ಸಂಘಟನೆಗಳು ಪಟ್ಟುಹಿಡಿದು ಕೇಳಿದವು. ಕೇಳಲೇಬೇಕಾದ ಪ್ರಶ್ನೆ ಅದು. ಅದರ ಚರ್ಚೆಯಲ್ಲಿ ವರ್ಷಗಳೇ ಕಳೆದವು.